ಗಾನಯೋಗಿ ಶ್ರೀ ಪಂಚಾಕ್ಷರ ಗವಾಯಿಗಳವರು

ನಮ್ಮ ಮಠಗಳು ಬಹು ಕಾಲದಿಂದ ಅನ್ನದಾಸೋಹವನ್ನೂ ಜ್ಞಾನದಾಸೋಹವನ್ನೂ ನಡೆಯಿಸಿಕೊಂಡು ಬಂದಿರುವುದು ಸದ್ಭಕ್ತರೆಲ್ಲರಿಗೂ ತಿಳಿದ ಸಂಗತಿಯೇ ಆಗಿದೆ. ಪ್ರಸಾದನಿಲಯದಲ್ಲಿ ಉಂಡು, ಪಾಠಶಾಲೆಯಲ್ಲಿ ಓದಿ ಬೆಳೆದ ಬಾಲಕರು ಸಹಸ್ರಾರು ಮಂದಿ. ಆದರೆ ಕಲಿಕೆಯು ಮುಗಿದ ಮರುದಿನ ಆ ತರುಣನು ಎಲ್ಲಿಗೆ ಹೋಗಬೇಕು, ಯಾವ ಕಾಯಕವನ್ನು ಹಿಡಿದು ತನ್ನ ಹೊಟ್ಟೆಯನ್ನು ಹೊರೆದುಕೊಳ್ಳಬೇಕು ಎಂಬುದನ್ನು ವಿಚಾರಿಸಿ, ಅದಕ್ಕೂ ಏರ್ಪಾಡು ಮಾಡಿದ ಮಹನೀಯರು ವಿರಳ. ಅಂಥ ವಿರಳರಲ್ಲಿ ಗದುಗಿನ ಶ್ರೀ ವೀರೇಶ್ವರ ಪುಣ್ಯಾಶ್ರಮದ ಸಂಸ್ಥಾಪಕರಾದ ಪಂಚಾಕ್ಷರ ಗವಾಯಿಗಳವರು ಅಗ್ರಗಣ್ಯರು. ಅವರು ಆರಿಸಿಕೊಂಡ ಶಿಷ್ಯರಾದರೋ ಲೋಕವು ಯಾವ ಕೆಲಸಕ್ಕೂ ಬಾರರೆಂದು ಕೈಬಿಟ್ಟ ಕುರುಡರು, ಅನಾಥರು, ಬಡವರು. ಈ ಸಂಪುಟದಲ್ಲಿ ಅವರ ಚರಿತ್ರವನ್ನು ಸ್ಮರಿಸುವುದು ಯುಕ್ತವೆಂದು ಭಾವಿಸಿ ಈ ಕೆಲವು ಮಾತುಗಳನ್ನು ಬರೆದಿದ್ದೇನೆ.

ಗವಾಯಿಗಳವರ ಜನ್ಮಸ್ಥಳವು ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿ. ಇಂದು ಹಾವೇರಿ ಜಿಲ್ಲೆಗೆ ಸೇರಿರುವ ಈ ಊರು ಅಂದು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯಲ್ಲಿದ್ದಿತು. 1892ರಲ್ಲಿ ಗುರುಪಾದಯ್ಯನವರು ಮತ್ತು ನೀಲಮ್ಮನವರು ಎಂಬ ದಂಪತಿಗಳ ಉದರದಲ್ಲಿ ಇವರು ಜನಿಸಿದರು. ತಂದೆತಾಯಿಗಳು ಇಟ್ಟ ಹೆಸರು ಗದಿಗೆಯ್ಯ. ಹುಟ್ಟಿನಿಂದಲೇ ಕಣ್ಣುಗಳಿಲ್ಲ, ಅಣ್ಣನಾದ ಗುರುಬಸಯ್ಯನೂ ಅಂಧನೇ. ಒಂದು ಬಡ ಮನೆಯಲ್ಲಿ ಇಬ್ಬರು ಕುರುಡು ಮಕ್ಕಳಿದ್ದರೆ ಆ ಮಾತಾಪಿತೃಗಳ ಮನಸ್ಸಿನ ಕಳವಳವು ಎಷ್ಟಿರಬಹುದೆಂಬುದನ್ನು ವಾಚಕರೇ ಊಹಿಸಬೇಕು. ಹೊಲದ ಕೆಲಸಕ್ಕೆ ಒದಗದ, ಅಕ್ಷರ ಕಲಿಯಲಾರದ ಅಂಧನಿಗೆ ಆ ಕಾಲದಲ್ಲಿ ಉಳಿದಿದ್ದ ಗತಿಯು ಸಾಮಾನ್ಯವಾಗಿ ಭಿಕ್ಷೆಯೊಂದೇ ಆಗಿದ್ದಿತು.

ಆದರೆ ಈ ಬಾಲಕರಿಗೆ ಶಿವನು ಮಧುರವಾದ ಕಂಠವನ್ನು ಕೊಟ್ಟಿದ್ದನು. ಅದನ್ನು ಗುರುತಿಸಿದವರು ಹಾನಗಲ್ಲ ವಿರಕ್ತಮಠದ ಶ್ರೀ ಕುಮಾರ ಮಹಾಸ್ವಾಮಿಗಳು. 1867ರಲ್ಲಿ ಜನಿಸಿ 1930ರಲ್ಲಿ ಲಿಂಗೈಕ್ಯರಾದ ಈ ಪೂಜ್ಯರು 1909ರಲ್ಲಿ ಬಾದಾಮಿಯ ಸಮೀಪದಲ್ಲಿ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರವನ್ನು ಸ್ಥಾಪಿಸಿ, ಮಠಾಧಿಕಾರಕ್ಕೆ ತಕ್ಕ ವಟುಗಳನ್ನು ಸಿದ್ಧಗೊಳಿಸುವ ಮಹಾಕಾರ್ಯವನ್ನು ಕೈಕೊಂಡವರು. ಯಾವ ಶಿಷ್ಯನನ್ನು ಯಾವ ಕಾರ್ಯಕ್ಕೆ ನಿಯೋಜಿಸಬೇಕೆಂಬುದನ್ನು ಅವರು ಬಲ್ಲವರಾಗಿದ್ದರು. ಅಣ್ಣತಮ್ಮಂದಿರಿಬ್ಬರನ್ನೂ ತಮ್ಮ ಆಶ್ರಯಕ್ಕೆ ತೆಗೆದುಕೊಂಡು, ಅವರ ಸಂಗೀತಶಿಕ್ಷಣದ ಭಾರವನ್ನು ತಾವೇ ಹೊತ್ತರು. ಗುರುಬಸಯ್ಯನು ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡನು. ಗದಿಗೆಯ್ಯನು ಆ ದುಃಖವನ್ನು ನುಂಗಿಕೊಂಡು ಅಭ್ಯಾಸದಲ್ಲಿ ನಿಂತನು.

ಮೊದಲು ಕರ್ನಾಟಕ ಸಂಗೀತದಲ್ಲಿ ಪ್ರಾವೀಣ್ಯವನ್ನು ಪಡೆದು, ಬಳಿಕ ನೀಲಕಂಠಬುವಾ ಮಿರಜಕರ ಅವರಲ್ಲಿಯೂ ಉಸ್ತಾದ್ ವಹೀದ ಖಾನರಲ್ಲಿಯೂ ಹಿಂದುಸ್ಥಾನಿ ಪದ್ಧತಿಯನ್ನು ಕಲಿತು, ಎರಡೂ ಪದ್ಧತಿಗಳಲ್ಲಿ ಸಮಾನವಾದ ಅಧಿಕಾರವುಳ್ಳವರಾದುದರಿಂದ ಅವರಿಗೆ ಉಭಯಗಾನ ವಿಶಾರದರೆಂಬ ಪ್ರಶಸ್ತಿಯು ಸಂದಿತು. ಗಾಯನದೊಡನೆ ತಬಲಾ ಮೊದಲಾದ ವಾದ್ಯಗಳಲ್ಲಿಯೂ ಅವರ ಕೈ ಪಳಗಿದ್ದಿತು. ಇಷ್ಟಾದ ಮೇಲೆ ಅವರು ಯಾವುದಾದರೊಂದು ಸಂಸ್ಥಾನದ ಆಸ್ಥಾನವನ್ನು ಸೇರಿ ಸುಖವಾಗಿ ಇರಬಹುದಾಗಿದ್ದಿತು. ಆದರೆ ಗುರುವಿನ ಸಂಕಲ್ಪವು ಬೇರೆಯಾಗಿದ್ದಿತು. ತಮಗೆ ದೊರೆತ ವಿದ್ಯೆಯನ್ನು ತಮ್ಮಂತೆಯೇ ಇರುವ ಅಂಧರಿಗೂ ಅನಾಥರಿಗೂ ಧಾರೆಯೆರೆಯಬೇಕೆಂಬ ಆಜ್ಞೆಯನ್ನು ಶಿರಸಾವಹಿಸಿ, ಗವಾಯಿಗಳವರು ಆಜನ್ಮ ಬ್ರಹ್ಮಚರ್ಯವನ್ನು ಪಾಲಿಸಿದರು.

1914ರಲ್ಲಿ ನಿಡಗುಂದಿಕೊಪ್ಪದಲ್ಲಿ ಸಂಗೀತ ಪಾಠಶಾಲೆಯು ಆರಂಭವಾಯಿತು. ಅದಕ್ಕೆ ಸ್ಥಿರವಾದ ಕಟ್ಟಡವಾಗಲಿ ನಿಯತವಾದ ಉತ್ಪನ್ನವಾಗಲಿ ಇರಲಿಲ್ಲ. ಗುರುವು ಶಿಷ್ಯರನ್ನು ಕಟ್ಟಿಕೊಂಡು ಊರಿಂದೂರಿಗೆ ಸಂಚರಿಸುವುದು, ಭಕ್ತರು ಕೊಟ್ಟ ತಾವಿನಲ್ಲಿ ಇಳಿದುಕೊಳ್ಳುವುದು, ಅಲ್ಲಿಯೇ ಪಾಠವನ್ನು ನಡೆಯಿಸುವುದು, ಹೀಗೆ ಅದು ಸಂಚಾರಿ ಶಾಲೆಯಾಗಿ ಬಹುಕಾಲ ನಡೆಯಿತು. ಕಣ್ಣಿಲ್ಲದ ಗುರುವು ಕಣ್ಣಿಲ್ಲದ ಶಿಷ್ಯನಿಗೆ ಪುಸ್ತಕದ ನೆರವಿಲ್ಲದೆ ಕಿವಿಯಿಂದ ಕಿವಿಗೆ, ಕೈಯಿಂದ ಕೈಗೆ ವಿದ್ಯೆಯನ್ನು ದಾಟಿಸಬೇಕಾಗಿದ್ದಿತು. ಶಿಷ್ಯರ ಊಟ, ಬಟ್ಟೆ, ಔಷಧ ಎಲ್ಲವೂ ಗುರುವಿನ ಹೊಣೆಯೇ. ಶುಲ್ಕವೆಂಬುದು ಇರಲಿಲ್ಲ.

ಇಲ್ಲಿ ಗವಾಯಿಗಳವರ ದೂರದೃಷ್ಟಿಯನ್ನು ಗಮನಿಸಬೇಕು. ರಾಗತಾಳಗಳನ್ನು ಬಲ್ಲ ಅಂಧ ತರುಣನನ್ನು ಒಮ್ಮೆಲೇ ಲೋಕದೊಳಕ್ಕೆ ನೂಕಿದರೆ ಅವನು ಮರಳಿ ಭಿಕ್ಷೆಯ ದಾರಿಯನ್ನೇ ಹಿಡಿಯುವ ಭಯವಿದ್ದಿತು. ಸಭೆಯನ್ನು ಎದುರಿಸುವ ಧೈರ್ಯ, ಕಾಲಕ್ಕೆ ಸರಿಯಾಗಿ ಸಿದ್ಧನಾಗುವ ಶಿಸ್ತು, ಇತರರೊಡನೆ ಹೊಂದಿಕೊಂಡು ನುಡಿಸುವ ರೂಢಿ, ಇವು ಪಾಠದ ಕೋಣೆಯಲ್ಲಿ ಮಾತ್ರ ಬರುವಂಥವಲ್ಲ. ಆದುದರಿಂದ ಅವರು ಶಾಲೆಗೆ ಸೇರಿದಂತೆಯೇ ಒಂದು ನಾಟಕಮಂಡಳಿಯನ್ನು ಕಟ್ಟಿದರು. ಆ ದಿನಗಳಲ್ಲಿ ನಾಟಕವೆಂದರೆ ಸಂಗೀತವೇ ಪ್ರಧಾನ. ಪೆಟಿಗೆ, ತಬಲಾ, ಸಾರಂಗಿ ನುಡಿಸುವವರು ಬೇಕು; ಹಾಡುವವರು ಬೇಕು; ವೇಷ ಹಾಕುವವರು ಬೇಕು. ಕಣ್ಣಿಲ್ಲದವರಿಗೆ ವಾದ್ಯಗಳ ಕೆಲಸ, ಕಣ್ಣುಳ್ಳ ಬಡ ಹುಡುಗರಿಗೆ ರಂಗದ ಕೆಲಸ ದೊರೆಯಿತು. ಕಲಿತದ್ದು ಕೂಡಲೇ ಕೆಲಸಕ್ಕೆ ಬಂದಿತು. ಬಂದ ಉತ್ಪನ್ನವು ಶಾಲೆಯ ದಾಸೋಹಕ್ಕೆ ಸಂದಿತು.

ಆ ಕಾಲದಲ್ಲಿ ಆಚಾರವಂತರು ನಾಟಕದವರನ್ನು ಕಂಡರೆ ಮೂಗು ಮುರಿಯುತ್ತಿದ್ದರು. ಗುರುಸೇವೆಯಲ್ಲಿ ನಿಂತ ಬ್ರಹ್ಮಚಾರಿಯೊಬ್ಬನು ನಾಟಕಮಂಡಳಿಯನ್ನು ನಡೆಯಿಸುವುದು ಎಷ್ಟು ಸೂಕ್ಷ್ಮವಾದ ಕಾರ್ಯವೆಂಬುದನ್ನು ಬೇರೆ ಹೇಳಬೇಕಾದುದಿಲ್ಲ. ಮಂಡಳಿಯ ಉತ್ಪನ್ನವೂ ನೆಚ್ಚತಕ್ಕದ್ದಲ್ಲ. ಮಳೆ ಹಿಡಿದರೆ, ಬರ ಬಿದ್ದರೆ ಆಟಕ್ಕೆ ಜನವಿಲ್ಲ, ಜನವಿಲ್ಲದಿದ್ದರೆ ಮಕ್ಕಳಿಗೆ ಊಟವಿಲ್ಲ. ಇದೆಲ್ಲವನ್ನೂ ಬಲ್ಲವರಾಗಿದ್ದೂ ಗವಾಯಿಗಳವರು ಹಿಂಜರಿಯಲಿಲ್ಲ. ಮಕ್ಕಳು ಭಿಕ್ಷುಕರಾಗುವುದಕ್ಕಿಂತ ಕಲಾವಿದರಾಗಿ ದುಡಿದು ಉಣ್ಣುವುದೇ ಶರಣರ ಕಾಯಕಧರ್ಮಕ್ಕೆ ಒಪ್ಪುವುದೆಂದು ಅವರ ನಡೆಯೇ ತೋರಿಸಿತು.

ಅವರ ಶಿಷ್ಯವಾತ್ಸಲ್ಯಕ್ಕೆ ಒಂದು ನಿದರ್ಶನವನ್ನು ಇಲ್ಲಿ ಹೇಳದೆ ಇರಲಾಗದು. ಧಾರವಾಡ ಜಿಲ್ಲೆಯ ಯಲಿವಾಳದ ಬಸವರಾಜ ರಾಜಗುರುಗಳು ಬಾಲ್ಯದಲ್ಲಿಯೇ ವಾಮನರಾವ ಮಾಸ್ತರರ ನಾಟಕ ಕಂಪನಿಯಲ್ಲಿ ಹಾಡುತ್ತಿದ್ದವರು. ಗವಾಯಿಗಳವರು ಅವರನ್ನು ಶಿಷ್ಯರನ್ನಾಗಿ ಸ್ವೀಕರಿಸಿ ಕ್ರಮಬದ್ಧವಾದ ಶಿಕ್ಷಣವನ್ನು ಕೊಟ್ಟರು. ಎಳೆಯ ವಯಸ್ಸಿನಲ್ಲಿಯೇ ದುಡಿಮೆಗೆ ಬಿದ್ದವನನ್ನು ಮರಳಿ ವಿದ್ಯೆಗೆ ತಂದುದು ಇದು. 1936ರಲ್ಲಿ ಹಂಪೆಯಲ್ಲಿ ವಿಜಯನಗರ ಸಾಮ್ರಾಜ್ಯದ ಆರುನೂರನೆಯ ವರ್ಷದ ಉತ್ಸವವು ಜರುಗಿದಾಗ ಆ ತರುಣನು ಮಹಾಸಭೆಯಲ್ಲಿ ಹಾಡಲು ಕುಳಿತನು. ಆಗ ತಬಲಾ ಸಾಥಿಗೆ ಕುಳಿತವರು ಸ್ವತಃ ಗುರುಗಳೇ. ಗುರುವು ಮುಂದೆ ಕುಳಿತು ಹಾಡುವುದು, ಶಿಷ್ಯನು ಹಿಂದೆ ಕುಳಿತು ಸುರಗೂಡಿಸುವುದು ಲೋಕದ ರೂಢಿ. ಆ ದಿನ ಗುರುವು ಪಕ್ಕಕ್ಕೆ ಸರಿದು ಶಿಷ್ಯನನ್ನು ಮುಂದೆ ಕುಳ್ಳಿರಿಸಿದರು. ರಾಜಗುರುಗಳು ಮುಂದೆ ಭರತಖಂಡದಲ್ಲೆಲ್ಲ ಕೀರ್ತಿಯನ್ನು ಪಡೆದು, 1975ರಲ್ಲಿ ಪದ್ಮಶ್ರೀ, 1991ರಲ್ಲಿ ಪದ್ಮಭೂಷಣ ಪ್ರಶಸ್ತಿಗಳಿಗೆ ಪಾತ್ರರಾದರು.

ಇನ್ನೊಬ್ಬ ಶಿಷ್ಯರು ಪುಟ್ಟರಾಜ ಗವಾಯಿಗಳವರು. 1914ರಲ್ಲಿ ಹಾನಗಲ್ಲ ತಾಲೂಕಿನ ದೇವಗಿರಿಯಲ್ಲಿ ಜನಿಸಿ, ಶೈಶವದಲ್ಲಿಯೇ ಕಣ್ಣುಗಳನ್ನು ಕಳೆದುಕೊಂಡ ಈ ಬಾಲಕನನ್ನು ಸೋದರಮಾವನು ತಂದು ಗವಾಯಿಗಳವರ ಪಾದಗಳಲ್ಲಿ ಒಪ್ಪಿಸಿದನು. ಗುರುವು ಅವನಿಗೆ ಗಾಯನವನ್ನೂ ನಾನಾ ವಾದ್ಯಗಳನ್ನೂ ಕಲಿಸಿ, ತಮ್ಮ ಕಾರ್ಯದ ಭಾರವನ್ನು ಹೊರತಕ್ಕ ಧುರೀಣನನ್ನಾಗಿ ಮಾಡಿದರು. ಅರ್ಜುನಸಾ ನಾಕೋಡರಂಥ ಇತರ ಕಲಾವಿದರೂ ಈ ಗುರುವಿನ ಕೈಯಲ್ಲಿಯೇ ಬೆಳೆದವರು. ಹೆಸರಾದವರ ಮಾತು ಹೀಗಾದರೆ, ಹೆಸರಾಗದೆ ಶಾಲೆಗಳಲ್ಲಿ ಸಂಗೀತಶಿಕ್ಷಕರಾಗಿ, ಮಠಗಳ ಪುರಾಣ ಪ್ರವಚನಗಳಲ್ಲಿ ಗವಾಯಿಗಳಾಗಿ, ತಬಲಜಿಗಳಾಗಿ, ಭಜನಸಂಘಗಳಿಗೆ ಪಾಠ ಹೇಳುವವರಾಗಿ ಮರ್ಯಾದೆಯಿಂದ ಬದುಕಿದ ಶಿಷ್ಯ ಪ್ರಶಿಷ್ಯರು ನಾಡಿನ ತುಂಬ ಇದ್ದಾರೆ. ಶ್ರಾವಣಮಾಸದಲ್ಲಿ ನಮ್ಮ ಮಠಗಳಲ್ಲಿ ಪುರಾಣವು ಕಳೆಗಟ್ಟುವುದು ಇಂಥವರ ಕಂಠದಿಂದ ಮತ್ತು ಕೈಯಿಂದ ಎಂಬುದನ್ನು ಭಕ್ತರು ಮರೆಯಬಾರದು.

ಕಡೆಗೆ ಗದುಗಿನಲ್ಲಿ ಬಸರಿಗಿಡದ ವೀರಪ್ಪನವರೆಂಬ ದಾನಿಗಳು ಸ್ಥಳವನ್ನು ಕೊಟ್ಟು ನೆಲೆ ಕಲ್ಪಿಸಿದುದರಿಂದ ಸಂಚಾರಿ ಶಾಲೆಯು ಸ್ಥಿರವಾಯಿತು. ಅವರ ಹೆಸರಿನಿಂದಲೇ ಅದು ವೀರೇಶ್ವರ ಪುಣ್ಯಾಶ್ರಮವೆನಿಸಿತು. 1944ನೆಯ ಜೂನ್ 11ರಂದು ಗವಾಯಿಗಳವರು ಲಿಂಗೈಕ್ಯರಾದರು. ಅವರು ಬದುಕಿದುದು ಐವತ್ತೆರಡು ವರ್ಷ ಮಾತ್ರ. ಪುಟ್ಟರಾಜ ಗವಾಯಿಗಳವರು ಆಶ್ರಮದ ಹೊಣೆಯನ್ನು ವಹಿಸಿ, 2010ರಲ್ಲಿ ತಾವು ಲಿಂಗೈಕ್ಯರಾಗುವವರೆಗೆ ಅರವತ್ತಾರು ವರ್ಷಗಳ ಪರ್ಯಂತ ಗುರುವಿನ ಸಂಕಲ್ಪವನ್ನು ನಡೆಯಿಸಿದರು. ಇಂದಿಗೂ ಅಲ್ಲಿ ಅಂಧ ಬಾಲಕರ ಸ್ವರಾಭ್ಯಾಸವು ನಿಂತಿಲ್ಲ.

ಈ ಚರಿತ್ರದಿಂದ ನಾವು ಗ್ರಹಿಸಬೇಕಾದುದೇನು? ನಮ್ಮ ಮಠಗಳ ಆಶ್ರಯದಲ್ಲಿ ಇಂದು ಅನೇಕ ವಿದ್ಯಾಲಯಗಳು ನಡೆಯುತ್ತಿವೆ. ಪರೀಕ್ಷೆಯಲ್ಲಿ ತೇರ್ಗಡೆಯಾದವರ ಸಂಖ್ಯೆಯನ್ನು ನಾವು ಹರ್ಷದಿಂದ ಸಾರುತ್ತೇವೆ. ತೇರ್ಗಡೆಯಾದ ಹುಡುಗನು ಮರುವರ್ಷ ಎಲ್ಲಿದ್ದಾನೆ, ಏನು ಉಣ್ಣುತ್ತಾನೆ ಎಂಬುದನ್ನು ಕೇಳುವವರು ಎಷ್ಟು ಮಂದಿ? ವ್ಯಾಪಾರಸ್ಥರಾದ ಭಕ್ತರು ತಮ್ಮ ಅಂಗಡಿಯಲ್ಲಿ, ಕುಶಲಕರ್ಮಿಗಳು ತಮ್ಮ ಕಾರ್ಖಾನೆಯಲ್ಲಿ, ಮಠದ ವಿದ್ಯಾರ್ಥಿಯೊಬ್ಬನನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಕೆಲಸ ಕಲಿಸಿದರೆ ಅದೂ ದಾಸೋಹವೇ ಆಗುವುದು. ಈ ಸುವರ್ಣೋತ್ಸವದ ಸಂದರ್ಭದಲ್ಲಿ ಮನೆಗೊಬ್ಬರಂತೆ ಈ ಸಂಕಲ್ಪವನ್ನು ಮಾಡಿದರೆ ಗಾನಯೋಗಿಗಳವರ ಸ್ಮರಣೆಯು ಸಾರ್ಥಕವಾಗುವುದು. ಅಂಥ ಸದ್ಬುದ್ಧಿಯನ್ನು ಶ್ರೀ ಗುರುವು ನಮಗೆಲ್ಲರಿಗೂ ಕರುಣಿಸಲೆಂದು ಪ್ರಾರ್ಥಿಸಿ ಈ ಲೇಖನವನ್ನು ಮುಗಿಸುತ್ತೇನೆ.