ಫ್ರಾಂಕ್ಲಿನ್ನನ ಚಿಕ್ಕ ಪುಸ್ತಕ

ಹೊಸ ವರ್ಷವು ಬಂದೊಡನೆ ಸಂಕಲ್ಪಗಳ ಸುಗ್ಗಿಯೂ ಬರುವುದು. ಬೆಳಗಿನ ಜಾವದಲ್ಲಿ ಏಳುವೆವೆಂದೂ, ಸಾಲವನ್ನು ತೀರಿಸುವೆವೆಂದೂ, ಕೋಪವನ್ನು ಬಿಡುವೆವೆಂದೂ, ದಿನಚರಿಯನ್ನು ತಪ್ಪದೆ ಬರೆಯುವೆವೆಂದೂ ಒಂದೇ ರಾತ್ರಿಯಲ್ಲಿ ನಿಶ್ಚಯಿಸುವವರು ನಮ್ಮಲ್ಲಿ ಕಡಿಮೆಯಿಲ್ಲ. ಸಂಕ್ರಾಂತಿಯ ಎಳ್ಳುಬೆಲ್ಲವು ತೀರುವುದಕ್ಕೆ ಮೊದಲೇ ಆ ನಿಶ್ಚಯಗಳೂ ತೀರಿಹೋಗಿರುತ್ತವೆ. ಇದಕ್ಕೆ ಮನೋದೌರ್ಬಲ್ಯವೇ ಕಾರಣವೆಂದು ಹಿರಿಯರು ಗದರಿಸುವುದು ವಾಡಿಕೆ. ನಮ್ಮ ಅಭಿಪ್ರಾಯದಲ್ಲಿ ಸಂಕಲ್ಪವನ್ನು ಅಳತೆಯರಿತು ಮಾಡದಿರುವುದೇ ಮುಖ್ಯ ದೋಷ. ಈ ಅಳತೆಯನ್ನು ಚೆನ್ನಾಗಿ ಬಲ್ಲವನಾಗಿದ್ದ ಬೆಂಜಮಿನ್ ಫ್ರಾಂಕ್ಲಿನ್ನನು ನಮ್ಮ ಕಸುಬಿನವನೇ, ಅಂದರೆ ಮುದ್ರಕನೂ ಪತ್ರಿಕೆಯ ಒಡೆಯನೂ ಆಗಿದ್ದನೆಂಬ ಸಣ್ಣ ಹೆಮ್ಮೆಯಿಂದ ಅವನ ಚರಿತ್ರೆಯ ಒಂದು ಭಾಗವನ್ನು ವಾಚಕರ ಮುಂದಿಡುತ್ತೇವೆ.

ಅವನು 1706ನೆಯ ಇಸವಿ ಜನವರಿ 17ರಂದು ಅಮೇರಿಕೆಯ ಬಾಸ್ಟನ್ ನಗರದಲ್ಲಿ ಹುಟ್ಟಿದನು. ತಂದೆಯು ಕೊಬ್ಬಿನ ಬತ್ತಿಯನ್ನೂ ಸಾಬೂನನ್ನೂ ಮಾಡಿ ಮಾರುತ್ತ 17 ಮಕ್ಕಳ ಸಂಸಾರವನ್ನು ಸಾಕಬೇಕಾಗಿದ್ದಿತು. ಆದುದರಿಂದ ಹುಡುಗನ ಶಾಲೆಯು ಹತ್ತನೆಯ ವಯಸ್ಸಿಗೇ ಮುಗಿಯಿತು. 12ನೆಯ ವಯಸ್ಸಿನಲ್ಲಿ ಅಣ್ಣನ ಅಚ್ಚುಕೂಟವನ್ನು ಸೇರಿ, ಅಣ್ಣನ ಹೊಡೆತಗಳನ್ನು ತಾಳಲಾರದೆ 1723ರಲ್ಲಿ ಓಡಿಹೋಗಿ ಫಿಲಡೆಲ್ಫಿಯಾ ಪಟ್ಟಣವನ್ನು ತಲುಪಿದನು. 1729ರಲ್ಲಿ ಪೆನ್ಸಿಲ್ವೇನಿಯಾ ಗೆಜೆಟ್ ಎಂಬ ಪತ್ರಿಕೆಯು ಅವನ ಕೈಸೇರಿತು. ಅಚ್ಚುಕೂಟದ ಸಾಲವು ಮಾತ್ರ ಇನ್ನೂ ಹೆಗಲ ಮೇಲಿದ್ದಿತು. ಪತ್ರಿಕೆ ನಡೆಯಿಸುವವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಸರಿಸುಮಾರು ಈ ಕಾಲದಲ್ಲಿಯೇ, ಇಪ್ಪತ್ತೈದರ ಆಸುಪಾಸಿನ ಈ ತರುಣನು ಯಾವ ತಪ್ಪನ್ನೂ ಮಾಡದೆ ಬದುಕಬೇಕೆಂಬ ಮಹಾಸಂಕಲ್ಪವನ್ನು ಮಾಡಿದನು. ಕೆಲವೇ ದಿನಗಳಲ್ಲಿ ಅದರ ಕಷ್ಟವು ತಿಳಿಯಿತು. ಒಂದು ತಪ್ಪಿನ ಬಾಗಿಲನ್ನು ಕಾಯುತ್ತಿರುವಾಗ ಮತ್ತೊಂದು ಹಿತ್ತಲಿನಿಂದ ಒಳನುಗ್ಗುತ್ತಿದ್ದಿತು. ಸಾಮಾನ್ಯರು ಇಲ್ಲಿಗೆ ಕೈಬಿಡುವರು. ಅವನು ಸಂಕಲ್ಪವನ್ನು ತುಂಡುಮಾಡಿದನು. ಮಿತಾಹಾರ, ಮೌನ, ಅಚ್ಚುಕಟ್ಟು, ದೃಢನಿಶ್ಚಯ, ಮಿತವ್ಯಯ, ಉದ್ಯೋಗಶೀಲತೆ, ನಿಷ್ಕಾಪಟ್ಯ, ನ್ಯಾಯ, ಸಂಯಮ, ಶುಚಿತ್ವ, ಶಾಂತಚಿತ್ತತೆ, ಇಂದ್ರಿಯನಿಗ್ರಹ ಎಂದು 12 ಗುಣಗಳನ್ನು ಆರಿಸಿದನು. ಅವನಲ್ಲಿ ಗರ್ವವು ಹೆಚ್ಚೆಂದು ಸ್ನೇಹಿತನೊಬ್ಬನು ಮುಖಕ್ಕೆ ಹೇಳಿದ ಮೇಲೆ ವಿನಯವನ್ನೂ ಸೇರಿಸಿ 13 ಮಾಡಿದನು. ಒಂದೊಂದು ಹೆಸರಿಗೂ ವಿಶಾಲವಾದ ಅರ್ಥವನ್ನು ಕೊಡದೆ, ಇಂಥದನ್ನು ಮಾಡಬೇಕು, ಇಂಥದನ್ನು ಬಿಡಬೇಕು ಎಂದು ಒಂದೆರಡು ಮಾತುಗಳ ಗೆರೆಯನ್ನೆಳೆದನು. ಮೌನವೆಂದರೆ ಋಷಿಗಳ ಮೌನವಲ್ಲ. ತನಗಾಗಲಿ ಪರರಿಗಾಗಲಿ ಪ್ರಯೋಜನವಿಲ್ಲದ ಹರಟೆಯನ್ನು ಬಿಡುವುದು, ಅಷ್ಟೆ.

ಬಳಿಕ ಒಂದು ಚಿಕ್ಕ ಪುಸ್ತಕವನ್ನು ಮಾಡಿ, ಗುಣಕ್ಕೊಂದು ಪುಟದಂತೆ ಕೆಂಪು ಶಾಯಿಯಿಂದ ಗೆರೆಗಳನ್ನೆಳೆದನು. ವಾರದ ಏಳು ದಿನಗಳಿಗೆ ಏಳು ಕಂಬ, 13 ಗುಣಗಳಿಗೆ 13 ಸಾಲು. ರಾತ್ರಿಯಲ್ಲಿ ಕುಳಿತು ಆ ದಿನದ ತಪ್ಪಿಗೊಂದು ಕಪ್ಪು ಚುಕ್ಕೆಯನ್ನಿಡುವುದು ಕ್ರಮ. ಒಂದು ವಾರದಲ್ಲಿ ಒಂದೇ ಗುಣದ ಮೇಲೆ ಕಟ್ಟುನಿಟ್ಟಾದ ಕಾವಲು. ಆ ಒಂದು ಸಾಲು ಶುಭ್ರವಾಗಿದ್ದರೆ ಸಾಕು, ಉಳಿದವುಗಳಲ್ಲಿ ಎಂದಿನಂತೆ ಚುಕ್ಕೆ ಬೀಳಲಿ. 13 ವಾರಗಳಿಗೆ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು. ತೋಟಗಾರನು ಕಳೆಯನ್ನೆಲ್ಲ ಒಂದೇ ದಿನ ಕೀಳದೆ ಒಂದೊಂದಾಗಿ ಪಾತಿಗಳನ್ನು ಶುದ್ಧಮಾಡುವುದಕ್ಕೆ ಅವನೇ ಇದನ್ನು ಹೋಲಿಸಿದ್ದಾನೆ. ತಲೆಯು ತಿಳಿಯಾಗಿದ್ದರೆ ಉಳಿದುದು ಸುಲಭವೆಂದು ಮಿತಾಹಾರವನ್ನು ಮೊದಲಿಗಿಟ್ಟುದರಲ್ಲಿ ಅವನ ವ್ಯವಹಾರಜ್ಞಾನವು ಕಾಣುತ್ತದೆ.

ಫಲವೇನಾಯಿತು? ಚುಕ್ಕೆಗಳು ಅವನೆಣಿಸಿದುದಕ್ಕಿಂತ ಬಹಳ ಹೆಚ್ಚಾಗಿ ಬಿದ್ದುವು. ಹಳೆಯ ಚುಕ್ಕೆಗಳನ್ನು ಕೆರೆದು ಕೆರೆದು ಕಾಗದವೇ ತೂತಾಗಲು, ದಂತದ ಹಾಳೆಗಳ ಮೇಲೆ ಗೆರೆಯೆಳೆದು, ಸೀಸದ ಕಡ್ಡಿಯಿಂದ ಗುರುತುಮಾಡಿ, ಒದ್ದೆ ಸ್ಪಂಜಿನಿಂದ ಒರಸತೊಡಗಿದನು. ಚುಕ್ಕೆಗಳು ಕ್ರಮೇಣ ಕಡಿಮೆಯಾದುವು. ಮಿತವ್ಯಯ ಉದ್ಯೋಗಶೀಲತೆಗಳಿಂದ ಸಾಲವು ತೀರಿ, 42ನೆಯ ವಯಸ್ಸಿನಲ್ಲಿ, 1748ರಲ್ಲಿ, ಅಚ್ಚುಕೂಟವನ್ನು ಪಾಲುದಾರನಿಗೊಪ್ಪಿಸಿ ವಿದ್ಯುತ್ತಿನ ಪರಿಶೋಧನೆಗೂ ಲೋಕಕಾರ್ಯಕ್ಕೂ ಬಿಡುವು ಮಾಡಿಕೊಂಡನು. ಅಚ್ಚುಕಟ್ಟು ಮಾತ್ರ ಕಡೆಯವರೆಗೂ ಒಲಿಯಲಿಲ್ಲ. ಕಾಗದಪತ್ರಗಳನ್ನು ಅವುಗಳ ಸ್ಥಾನದಲ್ಲಿಡುವ ಅಭ್ಯಾಸವು ಅವನಿಗೆ ಚಿಕ್ಕಂದಿನಿಂದಲೂ ಇರಲಿಲ್ಲ. (ನಮ್ಮ ಮೇಜನ್ನು ಕಂಡ ಮಿತ್ರರು ಇಲ್ಲಿ ನಗಬಹುದು.) ಕೊಡಲಿಯ ಮೈಯೆಲ್ಲ ಬಾಯಿಯಂತೆ ಹೊಳೆಯಬೇಕೆಂದು ಕಮ್ಮಾರನನ್ನು ಕೇಳಿ, ತಾನೇ ಸಾಣೆಚಕ್ರವನ್ನು ತಿರುಗಿಸಿ ದಣಿದು, ಕೊನೆಗೆ ಚುಕ್ಕೆಚುಕ್ಕೆಯ ಕೊಡಲಿಯೇ ಚೆಲುವೆಂದವನ ಕಥೆಯನ್ನು ಅವನು ತನಗೇ ಅನ್ವಯಿಸಿಕೊಂಡನು. ವಿನಯದ ವಿಷಯದಲ್ಲಿಯೂ ತನಗೆ ದೊರೆತುದು ಅದರ ತೋರಿಕೆಯೇ ಹೊರತು ತಿರುಳಲ್ಲವೆಂದು ಒಪ್ಪಿಕೊಂಡನು. ಆದರೆ ಖಂಡಿತವೆಂಬ ಮಾತನ್ನು ಬಿಟ್ಟು ನನಗೆ ಹೀಗೆ ತೋರುತ್ತದೆಂಬ ಮಾತನ್ನು ಹಿಡಿದುದರಿಂದ ಸಭೆಗಳಲ್ಲಿ ಅವನ ಸಲಹೆಗೆ ತೂಕವು ಬಂದಿತು.

ಅವನ ಪುಸ್ತಕದಲ್ಲಿ ಬೀಳದ ಒಂದು ಚುಕ್ಕೆಯನ್ನೂ ಹೇಳದಿದ್ದರೆ ನಾವು ಚರಿತ್ರೆಗೆ ಅಪಚಾರಮಾಡಿದಂತಾಗುವುದು. ನ್ಯಾಯಕ್ಕೊಂದು ಸಾಲನ್ನೆಳೆದ ಈ ಮಹನೀಯನ ಮನೆಯಲ್ಲಿ ಅನೇಕ ವರ್ಷಗಳ ಕಾಲ ಗುಲಾಮರಿದ್ದರು. ಗುಲಾಮರ ವಿಕ್ರಯದ ಜಾಹೀರಾತುಗಳು ಅವನ ಪತ್ರಿಕೆಯಲ್ಲಿ ಹಣಕ್ಕಾಗಿ ಅಚ್ಚಾಗುತ್ತಿದ್ದುವು. ದಿನದ ಲೆಕ್ಕವನ್ನು ಅಷ್ಟು ನಿಷ್ಠೆಯಿಂದ ಬರೆದವನ ಕಣ್ಣಿಗೆ, ಊರೆಲ್ಲ ಮಾಡುವ ತಪ್ಪು ತಪ್ಪಾಗಿ ಕಾಣಲು ಬಹುಕಾಲ ಹಿಡಿಯಿತು. 1787ರಲ್ಲಿ ಅವನು ಪೆನ್ಸಿಲ್ವೇನಿಯಾದ ಗುಲಾಮಗಿರಿ ನಿರ್ಮೂಲನ ಸಂಘದ ಅಧ್ಯಕ್ಷನಾದನು. 1790ರ ಫೆಬ್ರವರಿಯಲ್ಲಿ ಗುಲಾಮರ ಬಿಡುಗಡೆಯನ್ನು ಕೋರುವ ಬಿನ್ನವತ್ತಳೆಯು ಅವನ ರುಜುವಿನೊಡನೆ ಕಾಂಗ್ರೆಸ್ ಸಭೆಗೆ ಹೋಯಿತು. ಸಭೆಯು ತನಗೆ ಆ ಅಧಿಕಾರವಿಲ್ಲವೆಂದು ಕೈತೊಳೆದುಕೊಂಡಿತು. ಅದೇ ವರ್ಷ ಏಪ್ರಿಲ್ 17ರಂದು, 84ನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡನು.

ಈ ವೃತ್ತಾಂತವನ್ನು ಅವನು ಬರೆದುದು 1784ರಲ್ಲಿ, ಫ್ರಾನ್ಸಿನ ಪಾಸಿ ಎಂಬಲ್ಲಿ, 78ನೆಯ ವಯಸ್ಸಿನಲ್ಲಿ. ಮೊದಲು ವರ್ಷಕ್ಕೆ ನಾಲ್ಕಾಗಿದ್ದ ಸುತ್ತುಗಳು ಆಮೇಲೆ ಒಂದಾಗಿ, ಪ್ರಯಾಣ ರಾಜಕಾರ್ಯಗಳ ನಡುವೆ ಪೂರ್ತಿಯಾಗಿ ನಿಂತುಹೋಗಿದ್ದರೂ ಚಿಕ್ಕ ಪುಸ್ತಕವನ್ನು ಅವನು ಹೋದಲ್ಲೆಲ್ಲ ಒಯ್ಯುತ್ತಿದ್ದನು. 13 ಗುಣಗಳನ್ನೂ ಅವುಗಳ ಸಾಧನೆಯನ್ನೂ ವಿವರಿಸುವ ಒಂದು ದೊಡ್ಡ ಗ್ರಂಥವನ್ನು ಬರೆಯಬೇಕೆಂದು ಅವನಿಗೆ ಬಹಳ ಆಸೆಯಿದ್ದಿತು. ಅದಕ್ಕೆ ಟಿಪ್ಪಣಿಗಳನ್ನು ಕೂಡಿಸುತ್ತ ವರ್ಷಗಳು ಕಳೆದುವು. ಗ್ರಂಥವು ಮಾತ್ರ ಹುಟ್ಟಲೇ ಇಲ್ಲ.