ಯೋಆಖಿಮನ ಮೇಳವೂ ಮುನಿಸೂ

ಬಹುಕಾಲ ಒಂದೇ ಮೇಳದಲ್ಲಿ ನುಡಿಸುವ ವಿದ್ವಾಂಸರ ಬಾಂಧವ್ಯವು ಒಡಹುಟ್ಟಿದವರ ಬಾಂಧವ್ಯದಂತೆ ಗಾಢವಾದುದು, ಅಷ್ಟೇ ತೊಡಕಿನದು. ಜರ್ಮನಿಯಲ್ಲಿ ಖ್ಯಾತಿವೆತ್ತ ಪಿಟೀಲು ವಿದ್ವಾಂಸ ಯೋಸೆಫ್ ಯೋಆಖಿಮನ ಚರಿತ್ರೆಯು ಇದಕ್ಕೆ ನಿದರ್ಶನವೆಂದು ನಾವು ಭಾವಿಸುವೆವು.

ಈತನು 1831ರಲ್ಲಿ, ಅಂದು ಹಂಗೆರಿಗೆ ಸೇರಿದ್ದ ಕಿಟ್‌ಸೀ ಗ್ರಾಮದ ಯೆಹೂದ್ಯ ಕುಟುಂಬವೊಂದರಲ್ಲಿ ಜನಿಸಿದನು. 13 ವರ್ಷ ತುಂಬುವ ಮುನ್ನವೇ, 1844ರಲ್ಲಿ, ಲಂಡನ್ನಿನಲ್ಲಿ ಬೀಥೋವೆನ್ನನ ಪಿಟೀಲು ಕನ್ಸರ್ಟೋವನ್ನು ನುಡಿಸಿ ಕೀರ್ತಿ ಗಳಿಸಿದನು. 1853ರಲ್ಲಿ ಬ್ರಾಮ್ಸ್‌ನ ಪರಿಚಯವಾಯಿತು. ಅಜ್ಞಾತನಾಗಿದ್ದ ಆ ತರುಣನನ್ನು ಶೂಮನ್ ದಂಪತಿಗಳ ಬಳಿಗೆ ಹೋಗುವಂತೆ ಪ್ರೇರಿಸಿದವನು ಯೋಆಖಿಮನೇ. ಅನಂತರ ಇಬ್ಬರೂ ತಮ್ಮ ಸ್ವರರಚನೆಯ ಅಭ್ಯಾಸಗಳನ್ನು ಅಂಚೆಯಲ್ಲಿ ವಿನಿಮಯ ಮಾಡಿಕೊಂಡು, ದಾಕ್ಷಿಣ್ಯವಿಲ್ಲದೆ ಪರಸ್ಪರ ತಿದ್ದುತ್ತಿದ್ದರು.

1869ರಲ್ಲಿ ಯೋಆಖಿಮನು ಬರ್ಲಿನ್ನಿನಲ್ಲಿ ನಾಲ್ವರ ತಂತೀವಾದ್ಯ ಮೇಳವನ್ನು ಸ್ಥಾಪಿಸಿದನು. 1877ರಲ್ಲಿ ವಿಯೋಲಾ ವಾದಕ ವಿರ್ಟ್, 1879ರಲ್ಲಿ ಚೆಲ್ಲೋ ವಾದಕ ಹೌಸ್ಮನ್ ಸೇರಿ ಬಹುಕಾಲ ಉಳಿದರು. ಇವರಿಬ್ಬರೂ ಯೋಆಖಿಮನು ಮುಖ್ಯಸ್ಥನಾಗಿದ್ದ ಸಂಗೀತ ವಿದ್ಯಾಲಯದಲ್ಲಿಯೇ ಅಧ್ಯಾಪಕರು. ಹೀಗೆ ವಿದ್ಯಾಲಯದಲ್ಲಿ ಅಧಿಕಾರಿಯಾದವನು ಮೇಳದಲ್ಲಿ ಜೊತೆಗಾರನಾಗಬೇಕಿತ್ತು.

ಆದರೆ ಕಠಿನತರ ಪರೀಕ್ಷೆಯು ಮನೆಯಿಂದ ಬಂದಿತು. ಯೋಆಖಿಮನು 1863ರಲ್ಲಿ ಗಾಯಕಿ ಅಮಾಲಿಯಳನ್ನು ವಿವಾಹವಾಗಿದ್ದನು. ಆಕೆಗೂ ಸಂಗೀತಪ್ರಕಾಶಕ ಸಿಮ್ರಾಕನಿಗೂ ಅನುಚಿತ ಸಂಬಂಧವಿದೆಯೆಂದು ಆತನು ಶಂಕಿಸಿದನು. ಬ್ರಾಮ್ಸ್ ಇದನ್ನು ನಂಬಲಿಲ್ಲ. 1880ರಲ್ಲಿ ಆಕೆಯ ಶೀಲವನ್ನು ಸಮರ್ಥಿಸಿ ಆಕೆಗೆ ಪತ್ರ ಬರೆದನು. ವಿವಾಹವಿಚ್ಛೇದದ ವ್ಯಾಜ್ಯದಲ್ಲಿ ಆ ಪತ್ರವೇ ಪತ್ನಿಯ ಪರವಾದ ಸಾಕ್ಷ್ಯವಾಯಿತು. ಮಿತ್ರನೇ ದ್ರೋಹವೆಸಗಿದನೆಂದು ಯೋಆಖಿಮನು ನೊಂದನು. ಮೂವತ್ತು ವರ್ಷಗಳ ಸ್ನೇಹವು ಮುರಿಯಿತು.

ಇಲ್ಲಿ ನಮ್ಮ ಗಮನಕ್ಕೆ ಯೋಗ್ಯವಾದ ಸಂಗತಿಯೊಂದಿದೆ. ಮಾತು ನಿಂತರೂ ಯೋಆಖಿಮನು ಬ್ರಾಮ್ಸ್‌ನ ಕೃತಿಗಳನ್ನು ನುಡಿಸುವುದನ್ನು ನಿಲ್ಲಿಸಲಿಲ್ಲ. ಕಡೆಗೆ 1887ರಲ್ಲಿ ಬ್ರಾಮ್ಸ್ ಪಿಟೀಲು, ಚೆಲ್ಲೋ ಎರಡಕ್ಕೂ ಸಮಸ್ಥಾನವಿತ್ತು ಕನ್ಸರ್ಟೋವೊಂದನ್ನು ರಚಿಸಿ, ಯೋಆಖಿಮನ ಸಲಹೆಯನ್ನು ಬೇಡಿದನು. ಹಿಂದೆಯೇ ತನ್ನ ವಾದ್ಯಕ್ಕೊಂದು ಕೃತಿಯನ್ನು ಕೇಳಿದ್ದ ಹೌಸ್ಮನ್ನನು ಈ ಸಂಧಿಗೆ ಸೇತುವಾದನು. ಆ ವರ್ಷದ ಅಕ್ಟೋಬರ್ 18ರಂದು ಕಲೋನಿನಲ್ಲಿ ಬ್ರಾಮ್ಸ್ ವಾದ್ಯವೃಂದವನ್ನು ನಡೆಸಲು, ಅವರಿಬ್ಬರೂ ಅದನ್ನು ನುಡಿಸಿದರು. 1891ರಲ್ಲಿ ಬ್ರಾಮ್ಸ್‌ನ ಕ್ಲಾರಿನೆಟ್ ಪಂಚಕವನ್ನು ಬರ್ಲಿನ್ನಿಗೆ ಕೇಳಿಸಿದುದೂ ಇದೇ ಮೇಳ.

ಸಂಧಿಯು ಪೂರ್ಣವಾಯಿತೆಂದು ಹೇಳಲಾರೆವು. ಗಂಡಸರಿಬ್ಬರೂ ಒಂದಾದರು, ಅಮಾಲಿಯಳ ಸಂಸಾರವು ಮರಳಿ ಕೂಡಲಿಲ್ಲ. ಈ ನ್ಯೂನತೆಯನ್ನು ಮರೆಮಾಚುವುದು ಚರಿತ್ರಕಾರನಿಗೆ ಸಲ್ಲದು. 1907ರ ಆಗಸ್ಟ್ 15ರಂದು ಯೋಆಖಿಮನು ತೀರಿಕೊಂಡನು. ಮೇಳವೂ ಅವನೊಡನೆ ಮುಗಿಯಿತು.

ನಮ್ಮ ಸಭೆ, ಸಂಘ, ಪರಿಷತ್ತುಗಳಲ್ಲಿ ಒಬ್ಬರ ಮೇಲಿನ ಮುನಿಸು ಎಷ್ಟೋ ವೇಳೆ ಎಲ್ಲರ ಕಾರ್ಯವನ್ನೂ ಕೆಡಿಸುವುದು. ಮುನಿಸು ಬಾರದಿರಲೆಂದು ನಾವು ಹರಸಲಾರೆವು, ಅದು ಮನುಷ್ಯಸಹಜ. ಮುನಿದವನ ಸತ್ಕೃತಿಯನ್ನು ಮನ್ನಿಸುವ ನಿಷ್ಠೆಯೊಂದು ಉಳಿದರೆ, ಮಾತು ಮರಳಿ ಬರುವ ದಾರಿಯು ಮುಚ್ಚದು.