ರಹೀಂ ಸಾಹೇಬರು ಕಟ್ಟಿದ ತಂಡ, ಅವರ ಹಿಂದೆಯೇ ಮರೆಯಾದ ವೈಭವ

ಜಕಾರ್ತ ನಗರದಲ್ಲಿ 1962ರ ಸೆಪ್ಟೆಂಬರ್ 4ರಂದು ಭಾರತದ ಫುಟ್‌ಬಾಲ್ ತಂಡವು ದಕ್ಷಿಣ ಕೊರಿಯಾವನ್ನು 2-1 ಗೋಲುಗಳಿಂದ ಮಣಿಸಿ ಏಷ್ಯನ್ ಕ್ರೀಡಾಕೂಟದ ಚಿನ್ನದ ಪದಕವನ್ನು ಗೆದ್ದುಕೊಂಡಿತು. ತಂಡದ ತರಬೇತುದಾರರಾಗಿದ್ದ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಅವರನ್ನು ಆ ವೇಳೆಗಾಗಲೇ ಶ್ವಾಸಕೋಶದ ಕ್ಯಾನ್ಸರ್ ಆವರಿಸಿತ್ತು. ಮುಂದಿನ ವರ್ಷದ ಜೂನ್ 11ರಂದು ಅವರು ಇಹಲೋಕ ತ್ಯಜಿಸಿದರು. ಆಗ ಅವರಿಗೆ 53 ವರ್ಷ. ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್‌ನಲ್ಲಿ ಭಾರತ ಮತ್ತೆ ಚಿನ್ನದ ಮುಖ ಕಂಡಿಲ್ಲ.

ರಾಷ್ಟ್ರೀಯ ತಂಡದ ಕಥೆ ಹಲವರಿಗೆ ಗೊತ್ತು. ಆದರೆ ರಹೀಂ ಅವರ ಬದುಕಿನೊಂದಿಗೆ ಇನ್ನೂ ನಿಕಟವಾಗಿ ಬೆಸೆದುಕೊಂಡಿದ್ದುದು ಹೈದರಾಬಾದ್ ಸಿಟಿ ಪೊಲೀಸ್ ತಂಡ. ಕಾನ್‌ಸ್ಟೆಬಲ್‌ಗಳ ಆ ತಂಡ ಒಂದು ಕಾಲಕ್ಕೆ ಕಲ್ಕತ್ತೆಯ ಘಟಾನುಘಟಿ ಕ್ಲಬ್‌ಗಳ ನಿದ್ದೆಗೆಡಿಸಿತ್ತು. ಇಂದು ಅದು ದಾಖಲೆ ಪುಸ್ತಕಗಳಲ್ಲಿ ಮಾತ್ರ ಉಳಿದಿದೆ. ಆ ತಂಡ ಏರಿದ್ದು ಹೇಗೆ, ಇಳಿದದ್ದೇಕೆ ಎಂಬುದನ್ನು ಬಿಟ್ಟು ರಹೀಂ ಅವರ ಜೀವನವನ್ನು ಹೇಳಲಾಗದು.

ಮೇಷ್ಟರ ಮೈದಾನ

ರಹೀಂ ಜನಿಸಿದ್ದು 1909ರ ಆಗಸ್ಟ್ 17ರಂದು, ಹೈದರಾಬಾದಿನಲ್ಲಿ. ಆಗ ಅದು ನಿಜಾಮರ ರಾಜಧಾನಿ. ಇಂದಿನ ಕಲಬುರಗಿ, ಬೀದರ್, ರಾಯಚೂರು ಪ್ರದೇಶಗಳೂ ಅದೇ ಸಂಸ್ಥಾನಕ್ಕೆ ಸೇರಿದ್ದವು. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡಿದ ಅವರು ಅಲ್ಲಿನ ತಂಡದಲ್ಲಿ ಆಡಿ ಹೆಸರು ಪಡೆದರು. ಪದವಿಯ ನಂತರ ಹಿಡಿದದ್ದು ಶಿಕ್ಷಕ ವೃತ್ತಿ. ಕಾಚಿಗುಡ, ಚಾದರ್‌ಘಾಟ್ ಮೊದಲಾದ ಕಡೆಗಳ ಶಾಲೆಗಳಲ್ಲಿ ಪಾಠ ಹೇಳಿದರು. ನಡುವೆ ದೈಹಿಕ ಶಿಕ್ಷಣದಲ್ಲಿ ಡಿಪ್ಲೊಮಾ ಪಡೆದು ಮಕ್ಕಳ ಕ್ರೀಡಾ ಚಟುವಟಿಕೆಗಳ ಹೊಣೆಯನ್ನೂ ಹೊತ್ತುಕೊಂಡರು.

ಅವರ ತರಬೇತಿ ಕ್ರಮದಲ್ಲಿ ಕೊನೆಯವರೆಗೂ ಎದ್ದು ಕಾಣುತ್ತಿದ್ದುದು ಈ ಮೇಷ್ಟರ ಗುಣವೇ. 1940ರ ದಶಕದಲ್ಲಿ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿ ಸ್ಥಾನಕ್ಕೆ ಬಂದ ಅವರು ಸಾಯುವವರೆಗೂ ಆ ಹೊಣೆಯಲ್ಲಿದ್ದರು. ನಗರದ ಹುಡುಗರಿಗಾಗಿ ಅವರು ಏರ್ಪಡಿಸುತ್ತಿದ್ದ ಪಂದ್ಯಾವಳಿಗಳು ವಿಚಿತ್ರವಾಗಿ ಕಾಣುತ್ತಿದ್ದವು. ಒಂದರಲ್ಲಿ ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಓಡುವಂತಿರಲಿಲ್ಲ. ಸಿಕ್ಕ ಕೂಡಲೇ ಜೊತೆಗಾರನಿಗೆ ದಾಟಿಸಬೇಕಿತ್ತು. ಇನ್ನೊಂದರಲ್ಲಿ ಆಟಗಾರರು ತಮಗೆ ರೂಢಿಯಿಲ್ಲದ ಕಾಲಿನಿಂದಲೇ ಚೆಂಡು ಒದೆಯಬೇಕಿತ್ತು. ಎರಡೂ ಕಾಲುಗಳು ಸಮನಾಗಿ ಪಳಗಬೇಕು, ಒಬ್ಬನ ಚಮತ್ಕಾರಕ್ಕಿಂತ ಹನ್ನೊಂದು ಮಂದಿಯ ಹೊಂದಾಣಿಕೆ ಮೇಲಾಗಬೇಕು ಎಂಬುದು ಇದರ ಹಿಂದಿನ ಉದ್ದೇಶ. ಒಬ್ಬೊಬ್ಬರೂ ಚೆಂಡನ್ನು ಕುಣಿಸಿ ಜನರನ್ನು ರಂಜಿಸುವುದೇ ಫುಟ್‌ಬಾಲ್ ಎಂದುಕೊಂಡಿದ್ದ ಕಾಲದಲ್ಲಿ ಇದು ಹೊಸ ವಿಚಾರವಾಗಿತ್ತು.

ಸಿಕಂದರಾಬಾದಿನ ಬಡ ಕುಟುಂಬದ ಹುಡುಗ ತುಳಸೀದಾಸ್ ಬಲರಾಮ್‌ಗೆ ಹೈದರಾಬಾದಿನ ಶಿಬಿರಕ್ಕೆ ಬಂದುಹೋಗಲು ಕೈಯಲ್ಲಿ ಕಾಸಿರಲಿಲ್ಲ. ಆತನ ಸೈಕಲ್ ಬಾಡಿಗೆಯ ಹಣವನ್ನು ರಹೀಂ ತಾವೇ ಕೊಟ್ಟರು. ಅದೇ ಬಲರಾಮ್ ಮುಂದೆ ಎರಡು ಒಲಿಂಪಿಕ್ಸ್‌ಗಳಲ್ಲಿ ಭಾರತದ ಪರ ಆಡಿದರು.

ಬೆಂಗಳೂರಿನಿಂದ ಹೈದರಾಬಾದಿಗೆ

ದಕ್ಷಿಣ ಭಾರತದ ಫುಟ್‌ಬಾಲ್‌ಗೆ ಮೊದಲು ದೇಶದಾದ್ಯಂತ ಹೆಸರು ತಂದ ನಗರ ಬೆಂಗಳೂರು. ಮುಂಬಯಿಯ ರೋವರ್ಸ್ ಕಪ್ ದಶಕಗಳ ಕಾಲ ಬ್ರಿಟಿಷ್ ಸೈನಿಕ ತಂಡಗಳ ಸ್ವತ್ತಾಗಿತ್ತು. 1937ರಲ್ಲಿ ಅದನ್ನು ಗೆದ್ದು ಆ ಸರಪಳಿಯನ್ನು ಕಡಿದದ್ದು ಬೆಂಗಳೂರು ಮುಸ್ಲಿಮ್ಸ್ ತಂಡ. 1938ರಲ್ಲಿಯೂ 1948ರಲ್ಲಿಯೂ ಅದೇ ತಂಡ ಕಪ್ ಎತ್ತಿತು. 1946ರಲ್ಲಿ ಮೈಸೂರು ತಂಡ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಹೈದರಾಬಾದಿನ ಪೊಲೀಸ್ ತಂಡ ಹೊರಜಗತ್ತಿನ ಗಮನ ಸೆಳೆದದ್ದೂ ಬೆಂಗಳೂರಿನಲ್ಲೇ. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಇಲ್ಲಿ ನಡೆದ ಆಷ್ ಗೋಲ್ಡ್ ಕಪ್‌ನಲ್ಲಿ ಅದು ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ತಂಡವನ್ನು ಸೋಲಿಸಿತು. ಆ ಸೈನಿಕ ತಂಡದಲ್ಲಿ ಕ್ರಿಕೆಟ್ ಹಾಗೂ ಫುಟ್‌ಬಾಲ್ ಎರಡರಲ್ಲೂ ಖ್ಯಾತರಾಗಿದ್ದ ಡೆನಿಸ್ ಕಾಂಪ್ಟನ್ ಆಡಿದ್ದರು.

1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯೊಂದಿಗೆ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನಗೊಂಡಿತು. ಎರಡು ವರ್ಷಗಳ ನಂತರ, 1950ರಲ್ಲಿ, ರಹೀಂ ಸಿಟಿ ಪೊಲೀಸ್ ತಂಡದ ತರಬೇತಿಯ ಪೂರ್ಣ ಹೊಣೆ ಹೊತ್ತರು. ಅದೇ ಋತುವಿನಲ್ಲಿ ತಂಡವು ಮುಂಬಯಿಯ ರೋವರ್ಸ್ ಕಪ್ಪನ್ನೂ ದೆಹಲಿಯ ಡುರಾಂಡ್ ಕಪ್ಪನ್ನೂ ಗೆದ್ದಿತು. ಡುರಾಂಡ್ ಫೈನಲ್‌ನಲ್ಲಿ ಸೋತದ್ದು ಕಲ್ಕತ್ತೆಯ ಮೋಹನ್ ಬಾಗಾನ್. ಸ್ವಾತಂತ್ರ್ಯಾನಂತರ ನಡೆದ ಮೊದಲ ಡುರಾಂಡ್ ಪಂದ್ಯಾವಳಿ ಅದು.

ಮುಂದಿನದು ಅಪೂರ್ವ ವಿಜಯಯಾತ್ರೆ. 1950ರಿಂದ 1954ರವರೆಗೆ ಸತತ ಐದು ವರ್ಷ ರೋವರ್ಸ್ ಕಪ್ ಹೈದರಾಬಾದಿಗೆ ಬಂದಿತು. 1957, 1960ರಲ್ಲಿ ಮತ್ತೆ ಗೆಲುವು. 1962ರಲ್ಲಿ ಈಸ್ಟ್ ಬೆಂಗಾಲ್ ಜೊತೆ ಜಂಟಿ ಪ್ರಶಸ್ತಿ. ಡುರಾಂಡ್ ಕಪ್ 1954, 1957 ಮತ್ತು 1961ರಲ್ಲಿ ದಕ್ಕಿತು. ರಾಜ್ಯ ಪುನರ್ವಿಂಗಡಣೆಯ ಫಲವಾಗಿ ತಂಡದ ಹೆಸರು ಈ ನಡುವೆ ಆಂಧ್ರ ಪ್ರದೇಶ ಪೊಲೀಸ್ ಎಂದು ಬದಲಾಯಿತು. ಆಟಗಾರರು, ಮೈದಾನ, ಗುರು ಮಾತ್ರ ಅದೇ.

ಆಗಿನ ಭಾರತದಲ್ಲಿ ವೃತ್ತಿಪರ ಫುಟ್‌ಬಾಲ್ ಎಂಬುದು ಅಧಿಕೃತವಾಗಿ ಇರಲಿಲ್ಲ. ಆಡುವ ಹುಡುಗನಿಗೆ ಪೊಲೀಸ್ ಇಲಾಖೆಯಲ್ಲಿ ಕೆಲಸ ಕೊಡುವುದು, ಆತ ಇಲಾಖೆಯ ಪರವಾಗಿ ಆಡುವುದು ವ್ಯವಸ್ಥೆಯಾಗಿತ್ತು. ಸಂಬಳ ಸಣ್ಣದಾದರೂ ಖಾತರಿಯಿತ್ತು. ನೂರ್ ಮೊಹಮ್ಮದ್, ಅಜೀಜುದ್ದೀನ್, ಯೂಸುಫ್ ಖಾನ್‌ರಂತಹ ಒಲಿಂಪಿಕ್ ಆಟಗಾರರು ಈ ವ್ಯವಸ್ಥೆಯ ನೆರಳಿನಲ್ಲಿ ಬೆಳೆದರು. ವರ್ಷವಿಡೀ ಒಂದೇ ಮೈದಾನದಲ್ಲಿ ಒಂದೇ ಗುರುವಿನ ಕೈಕೆಳಗೆ ಪಳಗಿದ ಇವರ ಹೊಂದಾಣಿಕೆಯನ್ನು ಮುರಿಯುವುದು ಎದುರಾಳಿಗಳಿಗೆ ಸುಲಭವಾಗಿರಲಿಲ್ಲ.

ಹತ್ತು ಗೋಲುಗಳ ಪಾಠ

ರಹೀಂ ಅವರ ತರಬೇತಿಯಲ್ಲಿ ಭಾರತ 1951ರ ಮಾರ್ಚ್‌ನಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನನ್ನು 1-0ರಿಂದ ಸೋಲಿಸಿ ಚಿನ್ನ ಗೆದ್ದಿತು. ಆದರೆ ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ಎದುರು 10-1ರ ಹೀನಾಯ ಸೋಲು ಕಾದಿತ್ತು. ಭಾರತದ ಹಲವರು ಬರಿಗಾಲಲ್ಲಿ ಆಡಿದ್ದರು. ಆ ಏಕೈಕ ಗೋಲು ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್.

ಆ ಸೋಲು ಎರಡು ಬದಲಾವಣೆಗಳಿಗೆ ಕಾರಣವಾಯಿತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ ಬೂಟು ಧರಿಸುವುದನ್ನು ಕಡ್ಡಾಯಗೊಳಿಸಿತು. ರಹೀಂ ತಮ್ಮ ಮಟ್ಟಿಗೆ ಆಟದ ವಿನ್ಯಾಸವನ್ನೇ ಮರುಚಿಂತಿಸಿದರು. ಹಂಗೆರಿಯ ತಂಡ ತನ್ನ ಮುಖ್ಯ ಮುನ್ಪಡೆ ಆಟಗಾರನನ್ನು ಹಿಂದಕ್ಕೆ ಸರಿಸಿ ಎದುರಾಳಿಯ ರಕ್ಷಣೆಯನ್ನು ಗೊಂದಲಕ್ಕೆ ಕೆಡಹುತ್ತಿದ್ದ ತಂತ್ರವನ್ನು ಅವರು ಗಮನವಿಟ್ಟು ಅಭ್ಯಸಿಸಿದರು. ಅದನ್ನು ಭಾರತದ ಮೈದಾನಗಳಲ್ಲಿ ಪ್ರಯೋಗಿಸಲು ಅವರ ಕೈಯಲ್ಲಿದ್ದ ಪ್ರಯೋಗಶಾಲೆ ಹೈದರಾಬಾದಿನ ತಂಡಗಳೇ.

ಫಲ ಕಂಡದ್ದು 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ. ಅದೇ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಭೂಪಟದಿಂದ ಮರೆಯಾಗಿತ್ತು. ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ, ತೆಲುಗು ಜಿಲ್ಲೆಗಳು ಆಂಧ್ರ ಪ್ರದೇಶಕ್ಕೆ ಸೇರಿದ್ದವು. ಒಂದು ತಿಂಗಳ ನಂತರ, ಡಿಸೆಂಬರ್ 1ರಂದು, ರಹೀಂ ಅವರ ತಂಡ ಆತಿಥೇಯ ಆಸ್ಟ್ರೇಲಿಯಾವನ್ನು 4-2ರಿಂದ ಬಗ್ಗುಬಡಿಯಿತು. ನೆವಿಲ್ ಡಿಸೋಜ ಮೂರು ಗೋಲು ಗಳಿಸಿದರು. ಒಲಿಂಪಿಕ್ ಫುಟ್‌ಬಾಲ್‌ನಲ್ಲಿ ಸೆಮಿಫೈನಲ್ ತಲುಪಿದ ಮೊದಲ ಏಷ್ಯನ್ ರಾಷ್ಟ್ರ ಭಾರತವಾಯಿತು. ಅಲ್ಲಿ ಯುಗೊಸ್ಲಾವಿಯಾಕ್ಕೆ 4-1ರಿಂದ, ಕಂಚಿನ ಪಂದ್ಯದಲ್ಲಿ ಬಲ್ಗೇರಿಯಾಕ್ಕೆ 3-0ರಿಂದ ಮಣಿದು ನಾಲ್ಕನೆಯ ಸ್ಥಾನ ಪಡೆಯಿತು. ಆ ತಂಡದಲ್ಲಿ ಹೈದರಾಬಾದಿನ ಹಲವರ ಜೊತೆಗೆ ಮೈಸೂರು ರಾಜ್ಯದ ಕೆಂಪಯ್ಯ ಅವರೂ ಇದ್ದರು. ರಾಜ್ಯವೇ ಇಲ್ಲವಾದರೂ ಹೈದರಾಬಾದ್ ಎಂಬ ಹೆಸರಿನ ತಂಡ 1956-57 ಹಾಗೂ 1957-58ರಲ್ಲಿ ಸಂತೋಷ್ ಟ್ರೋಫಿ ಗೆದ್ದಿತು. ಅದನ್ನು ಸಜ್ಜುಗೊಳಿಸಿದವರೂ ರಹೀಂ.

ರೋಮ್‌ನ 1960ರ ಒಲಿಂಪಿಕ್ಸ್‌ನಲ್ಲಿ ಭಾರತ ಹಂಗೆರಿಗೆ 2-1ರ ಅಲ್ಪ ಅಂತರದಿಂದ ಸೋತು, ಫ್ರಾನ್ಸ್ ಜೊತೆ 1-1ರಲ್ಲಿ ಸಮಬಲ ಸಾಧಿಸಿತು. ಪೆರು ಎದುರು 3-1ರ ಸೋಲಿನೊಂದಿಗೆ ಅಭಿಯಾನ ಮುಗಿಯಿತು. ಹತ್ತು ಗೋಲು ತಿಂದು ಬಂದ ದೇಶ ಎಂಟೇ ವರ್ಷಗಳಲ್ಲಿ ಯುರೋಪಿನ ಬಲಿಷ್ಠ ತಂಡಗಳಿಗೆ ಸರಿಸಮನಾಗಿ ನಿಂತಿತ್ತು.

ಕೊನೆಯ ಪಂದ್ಯ

1962ರ ಜಕಾರ್ತ ಅಭಿಯಾನ ಆರಂಭವಾದದ್ದು ದಕ್ಷಿಣ ಕೊರಿಯಾ ಎದುರಿನ 2-0 ಸೋಲಿನಿಂದ. ಥಾಯ್ಲೆಂಡ್ ಮತ್ತು ಜಪಾನನ್ನು ಮಣಿಸಿ ತಂಡ ಚೇತರಿಸಿಕೊಂಡಿತು. ಸೆಮಿಫೈನಲ್‌ನಲ್ಲಿ ದಕ್ಷಿಣ ವಿಯೆಟ್ನಾಂ ಅನ್ನು 3-2ರಿಂದ ಸೋಲಿಸಿತು. ಇಸ್ರೇಲ್ ಮತ್ತು ತೈವಾನ್ ದೇಶಗಳನ್ನು ಕೂಟದಿಂದ ಹೊರಗಿಟ್ಟದ್ದನ್ನು ಭಾರತೀಯ ಕ್ರೀಡಾಧಿಕಾರಿ ಗುರುದತ್ತ ಸೋಂಧಿ ಆಕ್ಷೇಪಿಸಿದ್ದರು. ಅದರಿಂದ ಕೆರಳಿದ್ದ ಪ್ರೇಕ್ಷಕರು ಫೈನಲ್‌ನಲ್ಲಿ ಭಾರತದ ವಿರುದ್ಧ ಅರಚುತ್ತಿದ್ದರು.

ರಹೀಂ ಅಂದು ತಲೆಗೆ ಪೆಟ್ಟುಬಿದ್ದು ಹೊಲಿಗೆ ಹಾಕಿಸಿಕೊಂಡಿದ್ದ ರಕ್ಷಣಾ ಆಟಗಾರ ಜರ್ನೈಲ್ ಸಿಂಗ್ ಅವರನ್ನು ಮುನ್ಪಡೆಯಲ್ಲಿ ಆಡಿಸಿದರು. ಜ್ವರದಿಂದ ಚೇತರಿಸಿಕೊಂಡಿದ್ದ ಪೀಟರ್ ತಂಗರಾಜ್‌ಗೆ ಗೋಲು ಕಾಯುವ ಹೊಣೆ ವಹಿಸಿದರು. ಎರಡೂ ದಾಳಗಳು ಫಲಿಸಿದವು. ಪಿ.ಕೆ. ಬ್ಯಾನರ್ಜಿ ಮೊದಲ ಗೋಲು ಹೊಡೆದರೆ ಎರಡನೆಯದು ಜರ್ನೈಲ್ ಸಿಂಗ್ ಅವರಿಂದಲೇ ಬಂದಿತು. ರಾಷ್ಟ್ರೀಯ ತಂಡಕ್ಕೆ ರಹೀಂ ಗೆದ್ದುಕೊಟ್ಟ ಕೊನೆಯ ಪ್ರಶಸ್ತಿ ಅದು.

ಗುರುವಿಲ್ಲದ ಗರಡಿ

ರಹೀಂ ತೀರಿಕೊಂಡ ನಂತರದ ಋತುವಿನಲ್ಲಿ ಪೊಲೀಸ್ ತಂಡ ರೋವರ್ಸ್ ಕಪ್ಪನ್ನು ಒಂಬತ್ತನೆಯ ಬಾರಿ ಗೆದ್ದಿತು. ಡುರಾಂಡ್ ಫೈನಲ್‌ನಲ್ಲಿ ಮೋಹನ್ ಬಾಗಾನ್‌ಗೆ ಸೋತಿತು. ಅವರು ತಿದ್ದಿದ ಹುಡುಗರು ಇನ್ನೂ ಆಡುತ್ತಿದ್ದರು. 1965-66ರಲ್ಲಿ ಆಂಧ್ರ ಪ್ರದೇಶ ಸಂತೋಷ್ ಟ್ರೋಫಿ ಗೆದ್ದದ್ದೂ ಆ ಫಸಲಿನ ಬಲದಿಂದಲೇ. ಆಮೇಲೆ ಬಾವಿಯ ಸೆಲೆ ಬತ್ತಿತು. ರೋವರ್ಸ್, ಡುರಾಂಡ್ ಎರಡರಲ್ಲೂ ಆ ತಂಡಕ್ಕೆ ಮತ್ತೆ ಪ್ರಶಸ್ತಿ ಬರಲಿಲ್ಲ.

ಕಾರಣಗಳನ್ನು ಹುಡುಕಲು ದೂರ ಹೋಗಬೇಕಿಲ್ಲ. ಕಲ್ಕತ್ತೆಯ ದೊಡ್ಡ ಕ್ಲಬ್‌ಗಳು ಹಣ, ಹೆಸರು, ತುಂಬಿದ ಗ್ಯಾಲರಿಗಳ ಆಸೆ ತೋರಿಸಿ ಹೈದರಾಬಾದಿನ ಪ್ರತಿಭೆಗಳನ್ನು ಸೆಳೆದವು. ಬಲರಾಮ್ 1950ರ ದಶಕದಲ್ಲೇ ಈಸ್ಟ್ ಬೆಂಗಾಲ್ ಸೇರಿದ್ದರು. 1966ರಲ್ಲಿ ನಯೀಮುದ್ದೀನ್ ಮತ್ತು ಮೊಹಮ್ಮದ್ ಹಬೀಬ್ ಅದೇ ದಾರಿ ಹಿಡಿದರು. ನಯೀಮುದ್ದೀನ್ ನಾಯಕತ್ವದಲ್ಲಿ ಭಾರತ 1970ರ ಏಷ್ಯನ್ ಕ್ರೀಡಾಕೂಟದ ಕಂಚು ಗೆದ್ದಿತು. ಕಾನ್‌ಸ್ಟೆಬಲ್ ಸಂಬಳ ಕೊಡುವ ಇಲಾಖೆಗೆ ಈ ಪೈಪೋಟಿಯಲ್ಲಿ ನಿಲ್ಲುವ ಶಕ್ತಿಯಿರಲಿಲ್ಲ.

ಹಾಗೆ ಹೋದವರ ಜಾಗ ತುಂಬಬಲ್ಲ ಹುಡುಗರನ್ನು ಗಲ್ಲಿ ಗಲ್ಲಿಗಳಿಂದ ಹೆಕ್ಕಿ ತರುತ್ತಿದ್ದ ಕಣ್ಣು ಮುಚ್ಚಿಹೋದದ್ದು ಇನ್ನೂ ದೊಡ್ಡ ನಷ್ಟ. ಸಂಸ್ಥೆಯ ಕಾರ್ಯದರ್ಶಿ, ಕ್ಲಬ್ಬಿನ ತರಬೇತುದಾರ, ರಾಜ್ಯ ತಂಡದ ಗುರು, ಬಾಲಕರ ಪಂದ್ಯಾವಳಿಗಳ ಸಂಘಟಕ ಎಲ್ಲವೂ ಒಬ್ಬರೇ ಆಗಿದ್ದರು. ರಹೀಂ ಇದ್ದಷ್ಟು ದಿನ ಅದು ತಂಡದ ಶಕ್ತಿ. ಅವರು ಹೋದ ದಿನ ಅದೇ ಅದರ ದೌರ್ಬಲ್ಯವಾಯಿತು. ಅವರ ಕ್ರಮಗಳನ್ನು ಮುಂದುವರಿಸುವ ಶಾಲೆಯಾಗಲೀ ಅಕಾಡೆಮಿಯಾಗಲೀ ಇರಲಿಲ್ಲ. ಇಲಾಖೆಯ ತಂಡವೊಂದು ಅಧಿಕಾರಿಗಳ ಒಲವಿನ ಮೇಲೆ ನಿಂತಿರುತ್ತದೆ. ಅಧಿಕಾರಿಗಳು ಬದಲಾಗುತ್ತಾರೆ, ಆದ್ಯತೆಗಳೂ ಬದಲಾಗುತ್ತವೆ.

ಈ ಕಥೆ ಬೆಂಗಳೂರಿಗೂ ಅಪರಿಚಿತವಲ್ಲ. ಐಟಿಐ, ಎಚ್‌ಎಎಲ್‌ನಂತಹ ಸಾರ್ವಜನಿಕ ಉದ್ದಿಮೆಗಳು ಆಟಗಾರರಿಗೆ ನೌಕರಿ ಕೊಟ್ಟು ಕಟ್ಟಿದ ತಂಡಗಳು ರಾಷ್ಟ್ರೀಯ ಲೀಗ್‌ವರೆಗೆ ಏರಿದವು. ಎಚ್‌ಎಎಲ್ ತಂಡ 2011-12ರ ಐ-ಲೀಗ್‌ನಲ್ಲಿ ಹಿಂಬಡ್ತಿ ಪಡೆದ ಮೇಲೆ ಅಗ್ರ ಶ್ರೇಣಿಯಲ್ಲಿ ಮತ್ತೆ ಕಾಣಿಸಿಕೊಳ್ಳಲಿಲ್ಲ. ಖಾಸಗಿ ಹಣ ಬಂದ ಮಾತ್ರಕ್ಕೆ ಸಮಸ್ಯೆ ಬಗೆಹರಿಯುತ್ತದೆ ಎನ್ನುವಂತೆಯೂ ಇಲ್ಲ. 2019ರಲ್ಲಿ ಸ್ಥಾಪನೆಯಾದ ಹೈದರಾಬಾದ್ ಎಫ್‌ಸಿ 2022ರಲ್ಲಿ ಇಂಡಿಯನ್ ಸೂಪರ್ ಲೀಗ್ ಪ್ರಶಸ್ತಿಯನ್ನೇ ಗೆದ್ದಿತು. ಆರ್ಥಿಕ ಬಿಕ್ಕಟ್ಟಿಗೆ ಸಿಲುಕಿದ ಆ ಕ್ಲಬ್ 2025ರಲ್ಲಿ ಹೆಸರು ಬದಲಿಸಿಕೊಂಡು ದೆಹಲಿಗೆ ಸ್ಥಳಾಂತರಗೊಂಡಿತು.

ಮರೆವು ಮತ್ತು ನೆನಪು

ಬದುಕಿದ್ದಾಗ ರಹೀಂ ಅವರಿಗೆ ರಾಷ್ಟ್ರೀಯ ಪುರಸ್ಕಾರ ಬರಲಿಲ್ಲ. ತರಬೇತುದಾರರಿಗೆ ನೀಡುವ ದ್ರೋಣಾಚಾರ್ಯ ಪ್ರಶಸ್ತಿ ಸ್ಥಾಪನೆಯಾದದ್ದು ಅವರು ಕಣ್ಮರೆಯಾಗಿ ಎರಡು ದಶಕ ಕಳೆದ ಮೇಲೆ, 1985ರಲ್ಲಿ. ರೋಮ್ ಒಲಿಂಪಿಕ್ಸ್ ತಂಡದಲ್ಲಿದ್ದ ಅವರ ಪುತ್ರ ಎಸ್.ಎಸ್. ಹಕೀಂ ಮುಂದೆ ಅಂತರರಾಷ್ಟ್ರೀಯ ರೆಫರಿಯಾಗಿ, ತರಬೇತುದಾರರಾಗಿ ದುಡಿದು 2021ರ ಆಗಸ್ಟ್‌ನಲ್ಲಿ ತೀರಿಕೊಂಡರು. ರಹೀಂ ಅವರ ಬದುಕನ್ನು ಆಧರಿಸಿದ ಮೈದಾನ್ ಎಂಬ ಹಿಂದಿ ಚಿತ್ರ 2024ರಲ್ಲಿ ತೆರೆಕಂಡಿತು. ಅಜಯ್ ದೇವಗನ್ ಅವರ ಪಾತ್ರ ವಹಿಸಿದರು. ಹೊಸ ತಲೆಮಾರಿನ ಬಹುಪಾಲು ಪ್ರೇಕ್ಷಕರು ಆ ಹೆಸರನ್ನು ಮೊದಲ ಬಾರಿಗೆ ಕೇಳಿದ್ದೇ ಆಗ.

ಸಿನಿಮಾ ನೆನಪಿಸಿದ್ದು ಜಕಾರ್ತದ ಚಿನ್ನವನ್ನು. ಆ ಚಿನ್ನದ ಹಿಂದೆ ಎಡಗಾಲಿನಿಂದ ಚೆಂಡು ಒದೆಯಲು ಕಲಿಯುತ್ತಿದ್ದ ಹೈದರಾಬಾದಿನ ಹುಡುಗರಿದ್ದರು, ಬಾಡಿಗೆ ಸೈಕಲ್‌ನ ಖರ್ಚು ಕೊಟ್ಟ ಮೇಷ್ಟರಿದ್ದರು, ತಿಂಗಳ ಸಂಬಳದ ಖಾತರಿ ಕೊಟ್ಟ ಒಂದು ಪೊಲೀಸ್ ತಂಡವಿತ್ತು. ರೋವರ್ಸ್ ಕಪ್ ಪಂದ್ಯಾವಳಿ ಕೂಡ 2000-01ರ ನಂತರ ನಡೆದಿಲ್ಲ. ಒಂಬತ್ತು ಬಾರಿ ಅದನ್ನು ಗೆದ್ದ ತಂಡ ಇಂದು ಪೈಪೋಟಿಯಲ್ಲಿಲ್ಲ. ಆ ತಂಡವನ್ನು ಕಟ್ಟಿದವರು ಹೋಗಿ ಆರು ದಶಕಗಳು ಸಂದಿವೆ. ಗುರು ಹೋದ ಮೇಲೂ ಗರಡಿ ನಡೆಯುವಂತೆ ಮಾಡುವುದು ಹೇಗೆಂಬ ಪ್ರಶ್ನೆಗೆ ಭಾರತೀಯ ಫುಟ್‌ಬಾಲ್ ಇನ್ನೂ ಉತ್ತರ ಕಂಡುಕೊಳ್ಳಬೇಕಿದೆ.